ಕಣ್ಣೆದುರಿಗಿರೋ ಫೈಲ್ 'ನಾಟ್ ಫೌಂಡ್' ಅಂದ್ರೆ?

ಪ್ರಶ್ನೆ: ಆರ್ಮ್ ಪ್ರೊಸೆಸರ್ ಇರುವ ಹಳೆಯ ರೂಟರ್ ಒಂದಕ್ಕೆ ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗೆಂದೇ ಇರುವ ಲಿನಕ್ಸ್) ಹಾಕಿದ್ದೇನೆ. ತೋಟದ ಸೆನ್ಸರ್ ಓದಿ ಸರ್ವರ್‌ಗೆ ಕಳಿಸುವ ಪುಟ್ಟ ಸಿ ಪ್ರೋಗ್ರಾಮನ್ನು ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಆರ್ಮ್‌ಗೆ ಕಂಪೈಲ್ ಮಾಡಿ ಅದಕ್ಕೆ ಕಾಪಿ ಮಾಡಿದೆ. ಒಂದೂ ಎರರ್ ಬರಲಿಲ್ಲ. ಓಡಿಸಿದರೆ ಮಾತ್ರ 'ನಾಟ್ ಫೌಂಡ್' ಅನ್ನುತ್ತದೆ. ಎಲ್‌ಎಸ್ ಕೊಟ್ಟರೆ ಫೈಲ್ ಅಲ್ಲೇ ಇದೆ, ಸಿಎಚ್‌ಮೋಡ್ ಮಾಡಿ ಓಡಿಸುವ ಅನುಮತಿಯನ್ನೂ ಕೊಟ್ಟಿದ್ದೇನೆ. ಮೂರು ದಿನದಿಂದ ಒದ್ದಾಡುತ್ತಿದ್ದೇನೆ ಸರ್.
— ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಕೋಡನ್ನು ಸುಮ್ನೆ ಬಿಡಿ, ಅದು ಇನ್ನೂ ಶುರುವೇ ಆಗಿಲ್ಲ. ಸಿಗದೇ ಇರುವುದು ಲೋಡರ್, ಅಂದರೆ ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ಜೋಡಿಸಿ ಅದನ್ನು ಶುರು ಮಾಡಿಸುವ ಪುಟ್ಟ ಪ್ರೋಗ್ರಾಮ್. ಡೈನಾಮಿಕ್ ಆಗಿ ಲಿಂಕ್ ಮಾಡಿದ (ಲೈಬ್ರರಿಯನ್ನು ಓಡುವಾಗ ಹೊರಗಿನಿಂದ ತೆಗೆದುಕೊಳ್ಳುವ) ಪ್ರತಿ ಪ್ರೋಗ್ರಾಮಿನ ಒಳಗೂ 'ನನ್ನನ್ನು ಇಂಥ ಲೋಡರ್ ಮೂಲಕ ಓಡಿಸು' ಅಂತ ಒಂದು ವಿಳಾಸ ಬರೆದಿರುತ್ತದೆ, ಕರ್ನಲ್ ಆ ವಿಳಾಸಕ್ಕೆ ಹೋಗಿ ನೋಡುತ್ತದೆ, ಅಲ್ಲಿ ಏನೂ ಇಲ್ಲದಿದ್ದರೆ ಇದೇ ಮೆಸೇಜ್ ಬರುತ್ತದೆ. ಯಾವ ಫೈಲ್ ಸಿಗಲಿಲ್ಲ ಅಂತ ಹೇಳುವುದಿಲ್ಲ, ಅದೇ ತಲೆನೋವು. ಕಮಾಂಡ್ ಓಡಿಸುವ ಶೆಲ್‌ಗಳಲ್ಲಿ ಬ್ಯಾಷ್ 5.2 ಆದರೂ 'ರಿಕ್ವೈರ್ಡ್ ಫೈಲ್ ನಾಟ್ ಫೌಂಡ್' ಅನ್ನುತ್ತದೆ, ರೂಟರ್‌ನಲ್ಲಿರುವ ಬ್ಯುಸಿಬಾಕ್ಸ್ ಶೆಲ್ ಅಷ್ಟೂ ಹೇಳುವುದಿಲ್ಲ.

ಲ್ಯಾಪ್‌ಟಾಪ್‌ನಲ್ಲೇ ರೀಡ್‌ಎಲ್ಫ್‌ಗೆ (ಪ್ರೋಗ್ರಾಮ್ ಫೈಲಿನ ಒಳವಿವರ ತೋರಿಸುವ ಕಮಾಂಡ್) ಮೈನಸ್ ಸಣ್ಣ ಎಲ್ ಕೊಟ್ಟು 'ಇಂಟರ್‌ಪ್ರಿಟರ್' ಅನ್ನೋ ಸಾಲು ಹುಡುಕಿ. ಉಬುಂಟುವಿನ ಹಾರ್ಡ್ ಫ್ಲೋಟ್ (ದಶಮಾಂಶ ಲೆಕ್ಕವನ್ನು ಚಿಪ್‌ನಲ್ಲೇ ಮಾಡಿಸುವ) ಜಿಸಿಸಿ ಕಂಪೈಲರ್ ಬಳಸಿದ್ದರೆ ಅಲ್ಲಿ ಎಲ್‌ಡಿ-ಲಿನಕ್ಸ್-ಆರ್ಮ್‌ಎಚ್‌ಎಫ್ ಅಂತ ಇರುತ್ತದೆ. ಈಗ ರೂಟರ್‌ನ ಲಿಬ್ ಫೋಲ್ಡರ್ ನೋಡಿ: ಅಲ್ಲಿರುವುದು ಎಲ್‌ಡಿ-ಮಸಲ್ ಅಂತ ಶುರುವಾಗುವ ಹೆಸರು. ಓಪನ್‌ಡಬ್ಲ್ಯೂಆರ್‌ಟಿಯ ಸಿ ಲೈಬ್ರರಿ ಮಸಲ್, ಉಬುಂಟುವಿನದ್ದು ಗ್ಲಿಬ್‌ಸಿ. ಇಷ್ಟೇ ಜಗಳ.

ನಿಮ್ಮ ಪ್ರೋಗ್ರಾಮ್ ಹುಡುಕುವ ಲೋಡರ್ ಹೆಸರಿನಲ್ಲಿ ರೂಟರ್‌ನಲ್ಲಿ ಒಂದು ಲಿಂಕ್ ಮಾಡಿಟ್ಟು ದಾಟಿಸೋಣ ಅಂತ ಅನ್ನಿಸುತ್ತದೆ. ಬೇಡ. ಚಿಕ್ಕ ಪ್ರೋಗ್ರಾಮ್ ಓಡಿದರೂ ಓಡಬಹುದು, ಆಮೇಲೆ ಎಲ್ಲೋ ನಡುವೆ ಕೈಕೊಡುತ್ತದೆ. ಲೈಬ್ರರಿಯನ್ನೂ ಪ್ರೋಗ್ರಾಮಿನ ಒಳಗೇ ಸೇರಿಸೋ ಮೈನಸ್ ಸ್ಟ್ಯಾಟಿಕ್ ಹಾಕಿದರೆ ಲೋಡರ್ ಬೇಕಾಗುವುದಿಲ್ಲ ನಿಜ, ಆದರೆ ನಿಮ್ಮ ಪ್ರೋಗ್ರಾಮ್ ಸರ್ವರ್ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಬೇಕಲ್ವಾ? ಗ್ಲಿಬ್‌ಸಿಯಲ್ಲಿ ಆ ಕೆಲಸಕ್ಕೆ ಓಡುವಾಗಲೂ ಹೊರಗಿನ ಲೈಬ್ರರಿ ಬೇಕು, ಲಿಂಕ್ ಮಾಡುವಾಗಲೇ ವಾರ್ನಿಂಗ್ ಬರುತ್ತದೆ. ಹಾಗಾಗಿ ನಿಮ್ಮ ರೂಟರ್‌ನ ಟಾರ್ಗೆಟ್‌ಗೆ, ಅದರಲ್ಲಿರುವ ಅದೇ ವರ್ಷನ್‌ಗೆ ಸಿಗುವ ಓಪನ್‌ಡಬ್ಲ್ಯೂಆರ್‌ಟಿ ಎಸ್‌ಡಿಕೆ (ಕಂಪೈಲರ್, ಲೈಬ್ರರಿಗಳ ಕಟ್ಟು) ಇಳಿಸಿಕೊಂಡು ಅದರಲ್ಲೇ ಕಂಪೈಲ್ ಮಾಡಿ. ಇಳಿಸೋಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೂ ಅದೇ ಸರಿಯಾದ ದಾರಿ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಿದ ಫೈಲ್ ಓಡಿಸಿದರೆ ರಾಸ್‌ಬೆರಿ ಪೈ ಝೀರೋದಲ್ಲಿ (ಪುಟ್ಟ ಕಂಪ್ಯೂಟರ್ ಬೋರ್ಡ್) 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಬರುತ್ತಿದೆ. ಅದೇ ಫೈಲ್ ಗೆಳೆಯನ ಝೀರೋ 2 ಡಬ್ಲ್ಯೂನಲ್ಲಿ ಓಡುತ್ತದೆ! ಬೋರ್ಡ್ ಹಾಳಾಗಿದೆಯಾ?
— ವಿದ್ಯಾರ್ಥಿನಿ, ತುಮಕೂರು

ಉತ್ತರ: ಬೋರ್ಡ್ ಚೆನ್ನಾಗೇ ಇದೆ ಅನ್ನಿಸುತ್ತದಮ್ಮ. ಮೊದಲ ಝೀರೋದ್ದು ಆರ್ಮ್‌ವಿ6 ಅನ್ನೋ ಹಳೇ ಪೀಳಿಗೆಯ ಚಿಪ್, ಗೆಳೆಯನದ್ದು ಅದಕ್ಕಿಂತ ಹೊಸ ಕಾರ್ಟೆಕ್ಸ್-ಎ53. ಉಬುಂಟು, ಡೆಬಿಯನ್ ಜೊತೆ ಬರುವ ಹಾರ್ಡ್ ಫ್ಲೋಟ್ ಕಂಪೈಲರ್ ಆರ್ಮ್‌ವಿ7ಗೆ ಕೋಡ್ ಬರೆಯುತ್ತದೆ, ಅದರ ಎಷ್ಟೋ ಇನ್‌ಸ್ಟ್ರಕ್ಷನ್ ನಿಮ್ಮ ಚಿಪ್‌ಗೆ ಗೊತ್ತೇ ಇಲ್ಲ. ಮೈನಸ್ ಮಾರ್ಚ್ ಆರ್ಮ್‌ವಿ6 ಅಂತ ಕೊಟ್ಟರೆ ನಿಮ್ಮ ಕೋಡ್ ಮಾತ್ರ ಬದಲಾಗುತ್ತದೆ, ಜೊತೆಗೆ ಲಿಂಕ್ ಆಗುವ ಸ್ಟಾರ್ಟಪ್ ಫೈಲ್‌ಗಳು ವಿ7ಗೇ ತಯಾರಾದವು. ರೀಡ್‌ಎಲ್ಫ್‌ಗೆ ಮೈನಸ್ ದೊಡ್ಡ ಎ ಕೊಟ್ಟು 'ಸಿಪಿಯು ಆರ್ಚ್' ಸಾಲು ನೋಡಿ. ವಿ7 ಅಂತ ಇದ್ದರೆ ಝೀರೋ ಮೇಲೇ ಕಂಪೈಲ್ ಮಾಡಿ, ಇಲ್ಲವೇ ವಿ6ಗೆಂದೇ ಕಟ್ಟಿದ ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಜೊತೆಯ ಫೈಲ್‌ಗಳು) ಹಾಕಿಕೊಳ್ಳಿ.