ಮಾಸ್ತರರ ಹಂಡೆ ಯಾರ ಮನೆಯದು?

ಪ್ರಿಯರೆ,

ನಮ್ಮ ಪತ್ರಿಕೆಗೆ ಕಳಿಸಿದ ನಿಮ್ಮ ಲೇಖನ ಓದಿದೆ. ಶಿರಹಟ್ಟಿ ಕಡೆಯ ಹಳ್ಳಿಯೊಂದರಲ್ಲಿ ಕನ್ನಡ ಸಾಲಿ ಮಾಸ್ತರರಾಗಿದ್ದವರು, ಸಂಬಳ ಮತ್ತು ಪಿಂಚಣಿಯಲ್ಲಿ ಉಳಿಸಿದ್ದನ್ನು ಊರ ಮಕ್ಕಳ ಓದಿಗೆ ಕೊಡುತ್ತಾ ಬಂದವರು, ಜೊತೆಗೆ ಮನೆ ತುಂಬ ಹಳೆಯ ಸಾಮಾನು ಕೂಡಿಸಿದವರು. ಅಂಥ ಒಬ್ಬ ಹಿರಿಯರ ಬಗ್ಗೆ ಬರೆದಿದ್ದೀರಿ. ವಿಷಯ ಒಳ್ಳೆಯದು. ಭಾಷೆ ಸ್ವಚ್ಛವಾಗಿದೆ. ಒತ್ತಕ್ಷರದ ತಪ್ಪು ಒಂದೂ ಇಲ್ಲ, ಈಗಿನ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಆದರೆ ಇದ್ದ ಹಾಗೆ ಪ್ರಕಟಿಸಲು ಆಗುವುದಿಲ್ಲ. ಎರಡು ಸಾಲು ಬರೆದು ವಾಪಸ್ ಕಳಿಸಬಹುದಿತ್ತು. ನಿಮ್ಮ ಐದನೇ ಪುಟದ ಒಂದು ವಾಕ್ಯ ಬಿಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿಟ್ಟು ಬಂದಿದ್ದನ್ನು ಹೇಳಿಬಿಡುತ್ತೇನೆ.

ನಿಮ್ಮ ಮೊದಲ ಪ್ಯಾರಾ: ‘ಧೀಮಂತ ವ್ಯಕ್ತಿತ್ವದ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಕೊಡುಗೈ ದಾನಿ, ನಿಸ್ವಾರ್ಥ ಸೇವೆಯ ಹರಿಕಾರ.’ ಇದು ಸನ್ಮಾನ ಪತ್ರ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು, ಮೈಕಿನಲ್ಲಿ ಓದುತ್ತಾರಲ್ಲ, ಅದೇ. ಮಾಸ್ತರರ ಹೆಸರು ತೆಗೆದು ಸೊಸೈಟಿ ಚೇರ್ಮನ್ನರ ಹೆಸರು ಹಾಕಿದರೂ ಒಂದಕ್ಷರ ಬದಲಿಸಬೇಕಿಲ್ಲ.

ನಾನು ಹುಬ್ಬಳ್ಳಿಯ ಒಂದು ಪತ್ರಿಕೆಗೆ ಸೇರಿದಾಗ ನನಗೆ ವಹಿಸಿದ್ದು ಎರಡು ಕೆಲಸ. ಒಂದು ಪೇಟೆ ಧಾರಣೆ, ಇನ್ನೊಂದು ನಿಧನ ವಾರ್ತೆ. ಬ್ಯಾಡಗಿಯ ಮೆಣಸಿನಕಾಯಿಯಲ್ಲಿ ಡಬ್ಬಿ ತಳಿ ಎಷ್ಟು, ಕಡ್ಡಿ ತಳಿ ಎಷ್ಟು, ಹತ್ತಿ ಎಷ್ಟು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಅದನ್ನು ಬರೆದು ಮುಗಿಸಿ ಸತ್ತವರ ಕಡೆ ತಿರುಗಬೇಕು. ಸತ್ತವರೆಲ್ಲ ಕೊಡುಗೈ ದಾನಿಗಳೇ, ಎಲ್ಲರೂ ಅಜಾತಶತ್ರುಗಳೇ. ನಮ್ಮ ಮೇಜಿನ ಹಿರಿಯರು ಕೆಂಪು ಪೆನ್ನು ಹಿಡಿದು ಕೇಳುತ್ತಿದ್ದರು: ‘ಧೀಮಂತ ಅಂದ್ರ ಎಷ್ಟು ಫೂಟಪಾ? ಮೆಣಸಿನಕಾಯಿಗೆ ರೇಟು ಬರೀತಿ, ಮನಷ್ಯಾಗ ಯಾಕ ಬರಿಯೂದಿಲ್ಲ?’ ಎಲ್ಲ ಹೊಡೆದು ಹಾಕುತ್ತಿದ್ದರು. ಒಂದು ಸಂಜೆ ಯಾರೋ ತಂದು ಕೊಟ್ಟ ಚೀಟಿಯಲ್ಲಿ ‘ಊರ ಬಾವಿಗೆ ಗಡಗಡೆ ಹಾಕಿಸಿದ್ದರು’ ಅಂತಿತ್ತು. ಗಡಗಡೆ ಅಂದರೆ ನೀರು ಸೇದುವ ರಾಟೆ. ಅದನ್ನು ಮಾತ್ರ ಉಳಿಸಿದರು. ಉಳಿಸಿದ್ದಷ್ಟೇ ಅಲ್ಲ, ತಲೆಬರಹಕ್ಕೆ ಏರಿಸಿದರು. ಆ ಸತ್ತವರ ಹೆಸರು ನನಗೆ ಮರೆತಿದೆ, ಗಡಗಡೆ ಮರೆತಿಲ್ಲ.

ನಿಮ್ಮ ಮೂರನೇ ಪುಟ: ‘ತಮ್ಮ ಸರ್ವಸ್ವವನ್ನೂ ಸಮಾಜಕ್ಕೆ ಧಾರೆ ಎರೆದರು.’ ನಾಲ್ಕನೇ ಪುಟ: ‘ಹಿತ್ತಿಲಲ್ಲಿ ಎರಡು ಕೋಣೆ ಕಟ್ಟಿಸಿ ಸಂಗ್ರಹಾಲಯ ಮಾಡಿದರು.’ ಸರ್ವಸ್ವ ಹೋದ ಮೇಲೆ ಇಟ್ಟಂಗಿ, ಸಿಮೆಂಟು ಎಲ್ಲಿಂದ ಬಂತು? ಮಾಸ್ತರರ ಮೇಲೆ ನನಗೆ ಸಂಶಯವಿಲ್ಲ, ನಿಮ್ಮ ವಾಕ್ಯದ ಮೇಲಿದೆ.

‘ಲೆಕ್ಕವಿಲ್ಲದಷ್ಟು ಬಡ ವಿದ್ಯಾರ್ಥಿಗಳಿಗೆ ನೆರವಾದರು.’ ಸಾಲಿ ಮಾಸ್ತರರಿಗೆ ಲೆಕ್ಕವಿಲ್ಲದ್ದು ಅಂತ ಇರುತ್ತದೆಯೇ? ಜೀವಮಾನವೆಲ್ಲ ಹಾಜರಿ ಬರೆದವರು, ಮಾರ್ಕು ಕೂಡಿಸಿದವರು. ಟ್ರಂಕಿನಲ್ಲಿ ಎಲ್ಲೋ ಒಂದು ವಹಿ ಇದ್ದೇ ಇರುತ್ತದೆ, ಕೇಳಿ ನೋಡಿ. ಪರೀಕ್ಷೆ ಫೀ ಕಟ್ಟಿದರೋ? ಬಸ್ ಪಾಸ್ ಮಾಡಿಸಿದರೋ? ಧಾರವಾಡದಲ್ಲಿ ಕೋಣೆ ಹಿಡಿದುಕೊಟ್ಟರೋ? ಕೊಟ್ಟದ್ದು ವಾಪಸ್ ಬಂತೋ, ಬಂದರೆ ತೊಗೊಂಡರೋ? ಒಬ್ಬನೇ ಒಬ್ಬ ಹುಡುಗನ ವಿಷಯ ಪೂರ್ತಿ ಬರೆಯಿರಿ. ಲೆಕ್ಕವಿಲ್ಲದಷ್ಟು ಮಂದಿ ಬೇಡ.

ಆಮೇಲೆ ಇದು: ‘ನಿವೃತ್ತಿಯ ಹಣ ದಾನ ಮಾಡಿದಾಗ ಮನೆಯಲ್ಲಿ ಸ್ವಲ್ಪ ಅಸಮಾಧಾನ ಉಂಟಾದರೂ ನಂತರ ಎಲ್ಲರೂ ಸಹಕರಿಸಿದರು.’ ಇಂಥ ಜಾಗದಲ್ಲಿ ನಿಲ್ಲಬೇಕಾದವರು ನೀವು ಓಡಿ ಹೋಗಿದ್ದೀರಿ! ಅಸಮಾಧಾನ ಯಾರಿಗೆ? ಮಗನಿಗೋ? ಮದುವೆಗೆ ಬಂದ ಮಗಳಿದ್ದಳೋ? ಎಷ್ಟು ದಿನ ಮಾತು ಬಿಟ್ಟಿದ್ದರು? ಫೋಟೊ ಕೆಳಗೆ ‘ಪತ್ನಿಯೊಂದಿಗೆ’ ಅಂತ ಹಾಕಿದ್ದೀರಿ, ಆ ತಾಯಿಯ ಹೆಸರೂ ಇಲ್ಲ. ಅವರು ಇನ್ನೂ ಗಟ್ಟಿಯಾಗಿದ್ದಾರೆ ಅಂತ ನೀವೇ ಬರೆದಿದ್ದೀರಿ. ಮಾಸ್ತರರು ಹೊರಗೆ ಹೋದ ಹೊತ್ತು ನೋಡಿ ಹೋಗಿ ಅಡಿಗೆಮನೆ ಬಾಗಿಲಲ್ಲಿ ಕೂತುಕೊಳ್ಳಿ. ಮನೆಯಿಂದ ದುಡ್ಡು ಹೊರಗೆ ಹೋಗುವುದನ್ನೂ ಹಳೆ ಹಂಡೆ ಒಳಗೆ ಬರುವುದನ್ನೂ ಇಷ್ಟು ವರ್ಷ ನೋಡಿದವರು ಅವರು. ಆ ಬಾಂಡೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದವರೂ ಅವರೇ ಇರಬೇಕು.

ಗಳಗನಾಥರು ಗೊತ್ತಲ್ವಾ? 1869ರಲ್ಲಿ ಹುಟ್ಟಿದವರು, ಇದೇ ಸೀಮೆಯ ಸಾಲಿ ಮಾಸ್ತರರು. ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ತಾವೇ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅವರು ತೀರಿಕೊಂಡಿದ್ದು 1942ರಲ್ಲಿ. ಇವತ್ತಿಗೂ ಹಾವೇರಿ ಕಡೆ ಅವರ ಮಾತು ತೆಗೆದರೆ ಜನ ಮೊದಲು ಆ ಗಂಟಿನ ಸುದ್ದಿ ಹೇಳುತ್ತಾರೆ. ನಿಮ್ಮ ಮಾಸ್ತರರ ಗಂಟು ಎಲ್ಲಿದೆ ಅಂತ ನಿಮ್ಮ ಎಂಟು ಪುಟ ಓದಿದರೂ ನನಗೆ ಗೊತ್ತಾಗಲಿಲ್ಲ.

ಈಗ ಸಾಮಾನುಗಳಿಗೆ ಬರೋಣ. ‘ತಾಮ್ರದ ಹಂಡೆ, ಹಿತ್ತಾಳೆ ಕೊಡ, ಊಟದ ಗಂಗಾಳ, ಕಂದೀಲು, ಸೇರು, ಪಾವು, ಕೂರಿಗೆ, ಬೀಸುಕಲ್ಲು, ಶಾವಿಗೆ ಮಣೆ, ಮೋಡಿ ಲಿಪಿಯ ಕಾಗದಗಳು, ನಿಜಾಮರ ನಾಣ್ಯ, ಬ್ರಿಟಿಷ್ ಕಾಲದ ನಯಾ ಪೈಸೆ, 1818ರ ಈಸ್ಟ್ ಇಂಡಿಯಾ ಕಂಪನಿಯ ರಾಮ ಪಟ್ಟಾಭಿಷೇಕದ ನಾಣ್ಯ ಇತ್ಯಾದಿ.’ ಹೀಗೇ ಒಂದೂವರೆ ಪುಟ. ಹಂಡೆ ಯಾರ ಮನೆಯದು? ಕೊಂಡಿದ್ದೋ, ಕೇಳಿ ತಂದಿದ್ದೋ, ಮೋಡಕಾ (ಗುಜರಿ) ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಬಿಡಿಸಿಕೊಂಡು ಬಂದಿದ್ದೋ? ಎಲ್ಲಿಂದ ಬಂತು ಅಂತ ಬರೆಯದಿದ್ದರೆ ಹಂಡೆ ಬರೀ ತಾಮ್ರ, ಅದರ ಬೆಲೆ ಕಿಲೋಗೆ ಇಷ್ಟು, ಅಷ್ಟೇ.

ನಯಾ ಪೈಸೆ ಬ್ರಿಟಿಷರ ಕಾಲದ್ದಲ್ಲ. ಅದು ಬಂದಿದ್ದು 1957ರ ಏಪ್ರಿಲ್ 1ಕ್ಕೆ, ಅವರು ಹೋಗಿ ಹತ್ತಿರ ಹತ್ತು ವರ್ಷಕ್ಕೆ. ಅಲ್ಲಿವರೆಗೆ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಅದರ ಬೆನ್ನಿಗೇ ಸೇರು, ಪಾವು ಹೋಗಿ ಕಿಲೋ, ಲೀಟರ್ ಬಂದವು. ಇದನ್ನು ತಪ್ಪು ಹಿಡಿಯಲಿಕ್ಕೆ ಹೇಳುತ್ತಿಲ್ಲ. ನಿಮ್ಮ ಮಾಸ್ತರರು ನೌಕರಿಗೆ ಸೇರಿದ್ದು 1960ರ ಹೊತ್ತಿಗೆ ಅಂತ ಬರೆದಿದ್ದೀರಿ. ಅಂದರೆ ಹುಡುಗರಾಗಿದ್ದಾಗ ಆಣೆ, ಸೇರಿನ ಕೋಷ್ಟಕ ಬಾಯಿಪಾಠ ಮಾಡಿದವರು ಮಾಸ್ತರರಾದ ಮೇಲೆ ಪೈಸೆ, ಕಿಲೋ ಕಲಿಸಬೇಕಾಯಿತು. ತಾವು ಕಲಿತದ್ದನ್ನು ಹುಡುಗರಿಗೆ ಬೇಡ ಅಂತ ಹೇಳಬೇಕಾಯಿತು. ಆ ಸೇರನ್ನು ಮನೆಗೆ ತಂದಿಟ್ಟುಕೊಂಡಿದ್ದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಎದುರಿಗೆ ಕೂತಿದ್ದ ನೀವು ಕೇಳಬೇಕಿತ್ತು.

1818ರ ರಾಮನ ನಾಣ್ಯ ಕಂಪನಿ ಸರ್ಕಾರ ಹೊರಡಿಸಿದ್ದೇ ಅಲ್ಲ. ಅಂಥವು ದೇವರ ಮುದ್ರೆಯ ಬಿಲ್ಲೆಗಳು, ಹಳೆಯ ಇಸವಿ ಹಾಕಿ ಮಾಡಿ ಮಾರುತ್ತಾರೆ. ಕಂಪನಿ ತನ್ನ ಸೀಮೆಗೆಲ್ಲ ಒಂದೇ ಬಗೆಯ ನಾಣ್ಯ ತಂದಿದ್ದು 1835ರಲ್ಲಿ. ವಾಟ್ಸಾಪ್‌ನಲ್ಲಿ ಇದಕ್ಕೆ ಲಕ್ಷಗಟ್ಟಲೆ ಬೆಲೆ ಅಂತ ಓಡಾಡುತ್ತದೆ, ನಂಬಬೇಡಿ. ಹಿರಿಯರ ಮುಂದೆ ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟಿದ್ದು, ಲೇಖನದಲ್ಲಿ ಮಾತ್ರ ಬೇಡ.

ನಿಜಾಮರ ನಾಣ್ಯ ಇದೆಯಲ್ಲ, ಅದನ್ನು ಎರಡೇ ಪದದಲ್ಲಿ ಮುಗಿಸಿದ್ದೀರಿ. ನಿಮ್ಮ ಸೀಮೆ ಆಗ ಹೇಗೆ ಹರಿದು ಹಂಚಿತ್ತು ಅಂತ ಒಮ್ಮೆ ನೆನಪಿಸಿಕೊಳ್ಳಿ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜದ್ದು, ಗದಗ ಬ್ರಿಟಿಷರ ಮುಂಬಯಿ ಪ್ರಾಂತದ್ದು, ಆಚೆ ಕೊಪ್ಪಳ, ಯಲಬುರ್ಗಾ ನಿಜಾಮರದು. ಹೈದರಾಬಾದಿನ ಚಾರ್‌ಮಿನಾರ್ ಮುದ್ರೆಯ ದುಡ್ಡು ಶಿರಹಟ್ಟಿ ಕಡೆಯ ಹಳ್ಳಿಗೆ ಬಂದಿದೆ ಅಂದರೆ ಯಾರೋ ಗಡಿ ದಾಟಿದ್ದಾರೆ. ಹತ್ತಿ ಮಾರಲಿಕ್ಕೆ ಗದಗಕ್ಕೆ ಬಂದವರೋ, ಆ ಕಡೆಯಿಂದ ಬಂದ ಸೊಸೆಯೋ. ಯಾರ ಮನೆಯಲ್ಲಿ ಸಿಕ್ಕಿತು ಅಂತ ಮಾಸ್ತರರಿಗೆ ಗೊತ್ತಿರುತ್ತದೆ.

ಇನ್ನೊಂದು ಮುಖ್ಯ ಮಾತು. ‘ಹೊಲದಲ್ಲಿ ಸಿಕ್ಕ ವೀರಗಲ್ಲನ್ನು ತಂದು ಅಂಗಳದಲ್ಲಿ ನಿಲ್ಲಿಸಿದ್ದಾರೆ’ ಅಂತ ಖುಷಿಯಿಂದ ಬರೆದಿದ್ದೀರಿ. ನೂರು ವರ್ಷ ದಾಟಿದ ಶಿಲ್ಪ 1972ರ ಪುರಾವಸ್ತು ಕಾಯ್ದೆಯ ಕೆಳಗೆ ಬರುತ್ತದೆ, ನೋಂದಣಿ ಆಗಬೇಕು. ಹೊಲದಲ್ಲಿ ನಿಧಿ ಸಿಕ್ಕರೆ ಅದಕ್ಕೆ ನಮ್ಮ ರಾಜ್ಯದ್ದೇ 1962ರ ಬೇರೆ ಕಾಯ್ದೆ ಇದೆ. ಮಾಸ್ತರರು ನೋಂದಣಿ ಮಾಡಿಸಿದ್ದಾರೋ ಕೇಳಿಕೊಳ್ಳಿ. ಮಾಡಿಸಿದ್ದರೆ ಅದನ್ನೂ ಬರೆಯಿರಿ. ಇಲ್ಲದಿದ್ದರೆ ಮೊದಲು ಆ ಕೆಲಸ ಆಗಲಿ. ನಮ್ಮ ಪತ್ರಿಕೆಯ ಫೋಟೊ ನೋಡಿ ಈ ವಯಸ್ಸಿನಲ್ಲಿ ಅವರು ಕಚೇರಿ ಅಲೆಯುವಂತಾಗುವುದು ಬೇಡ.

ಈಗ ಐದನೇ ಪುಟದ ಆ ವಾಕ್ಯ: ‘ಒಂದು ಗಂಗಾಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಯಾರೋ ಹೆಣ್ಣುಮಗಳ ಹೆಸರು ಕೊರೆದಿದೆ. ಅದನ್ನು ಮಾತ್ರ ಮಾಸ್ತರರು ಯಾರಿಗೂ ಮುಟ್ಟಗೊಡುವುದಿಲ್ಲ.’

ಇಲ್ಲಿ ಪ್ಯಾರಾ ಮುಗಿಯುತ್ತದೆ. ಮುಂದಿನ ಪ್ಯಾರಾ ಅವರಿಗೆ ಬಂದ ಪ್ರಶಸ್ತಿಗಳದ್ದು! ಹೇಗೆ ದಾಟಿದಿರಿ ನೀವು? ಬಾಂಡೆ ಅಂಗಡಿಯಲ್ಲಿ ಉಳಿಯಿಂದ ಟಕಟಕ ಬಡಿದು ಹೆಸರು ಹಾಕಿಸುವುದು ಮದುವೆಗೆ ಕೊಡುವ ಬಾಂಡೆಗೆ. ತವರಿನವರು ಹೆಸರು ಹಾಕಿಸಿ ಕೊಟ್ಟ ಗಂಗಾಳವನ್ನು ಯಾವ ಹೆಣ್ಣುಮಗಳೂ ಸುಮ್ನೆ ಕೊಡುವುದಿಲ್ಲ. ಬರಗಾಲಕ್ಕೆ ಅಡವಿಟ್ಟಳೋ, ಅವಳು ಸತ್ತ ಮೇಲೆ ಸೊಸೆಯಂದಿರು ಸ್ಟೀಲ್ ಬಾಂಡೆಗೆ ಬದಲಿ ಕೊಟ್ಟರೋ, ಅವಳ ಮಗ ಈ ಮಾಸ್ತರರ ಕೈಯಲ್ಲಿ ಕಲಿತವನೋ. ನಾನು ಇಲ್ಲಿ ಕೂತು ಕತೆ ಕಟ್ಟುವುದಿಲ್ಲ. ಹೆಸರು ಏನು ಅಂತ ಕೂಡ ನೀವು ಓದಿಲ್ಲ. ಮತ್ತೆ ಹೋಗಿ. ಆ ಹೆಸರಿನಿಂದಲೇ ಲೇಖನ ಶುರು ಮಾಡಬಹುದು. ಮಾಸ್ತರರು ಹೇಳಲು ಒಪ್ಪದಿದ್ದರೆ, ಒಪ್ಪಲಿಲ್ಲ ಅಂತ ಬರೆಯಿರಿ, ಒತ್ತಾಯ ಮಾಡಬೇಡಿ.

ಉಳಿದದ್ದು ಸಣ್ಣಪುಟ್ಟದ್ದು. ಎಪ್ಪತ್ತರ ದಶಕದಲ್ಲಿ ‘ಗದಗ ಜಿಲ್ಲೆಗೆ ವರ್ಗವಾಗಿ ಬಂದರು’ ಅಂದಿದ್ದೀರಿ. ಗದಗ ಜಿಲ್ಲೆ ಆಗಿದ್ದು 1997ರಲ್ಲಿ, ಅದಕ್ಕೂ ಮೊದಲು ಅದು ಧಾರವಾಡ ಜಿಲ್ಲೆಯಲ್ಲಿತ್ತು. ಪ್ರಶಸ್ತಿಗಳ ಪಟ್ಟಿ ಪೂರ್ತಿ ತೆಗೆಯಿರಿ. ಎಂಟು ಪುಟ ಜಾಸ್ತಿ ಆಯಿತು, ಐದಕ್ಕೆ ಇಳಿಸಿ. ದೀಪಾವಳಿ ಮುಗಿದ ಮೇಲೆ ಕಳಿಸಿದರೂ ನಡೆಯುತ್ತದೆ, ಅವಸರವಿಲ್ಲ. ಗಂಗಾಳದ ಫೋಟೊ ಹತ್ತಿರದಿಂದ, ಬೆಳಕು ಅಡ್ಡ ಬೀಳುವ ಹಾಗೆ ತೆಗೆಯಿರಿ, ಚುಕ್ಕಿ ಕಾಣಬೇಕು. ವಾಟ್ಸಾಪ್‌ನಲ್ಲಿ ಬೇಡ, ಅಲ್ಲಿ ಸೈಜು ಕುಗ್ಗುತ್ತದೆ. ಈಮೇಲ್ ಮಾಡಿ.