ಕಾವಿನ ದೀಪವನ್ನು ಯಾವಾಗ ಆರಿಸಬೇಕು?

ಪ್ರಶ್ನೆ: ನಮ್ಮ ಹಿತ್ತಲಿನ ಗೂಡಿನಲ್ಲಿ ಐದು ವಾರ ತುಂಬಿದ ಹನ್ನೆರಡು ಕೋಳಿಮರಿಗಳಿವೆ. ಹಗಲಿನಲ್ಲಿ ಕಾವಿನ ದೀಪವಿಲ್ಲದೆಯೇ ಚುರುಕಾಗಿ ಓಡಾಡಿಕೊಂಡಿರುತ್ತವೆ. ರಾತ್ರಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುತ್ತದೆ. ಮೊನ್ನೆ ರಾತ್ರಿ ದೀಪ ಆರಿಸಿದ ಕೂಡಲೇ ಎಲ್ಲವೂ ಕಿರುಚುತ್ತ ಮೂಲೆಗೆ ನುಗ್ಗಿ ಒಂದರ ಮೇಲೊಂದು ಏರಿದವು. ಗಾಬರಿಯಾಗಿ ಮತ್ತೆ ಹಚ್ಚಿದೆ. ಇನ್ನೂ ಎಷ್ಟು ದಿನ ದೀಪ ಬೇಕು? ಅದನ್ನು ಬಿಡಿಸುವುದು ಹೇಗೆ?

ಉತ್ತರ: ದೀಪ ಆರಿದ ಕ್ಷಣದಲ್ಲೇ ಮರಿಗಳು ಕಿರುಚಿದವು ಎಂದು ಬರೆದಿದ್ದೀರಿ. ಗೂಡು ತಣ್ಣಗಾಗಲು ಸ್ವಲ್ಪವಾದರೂ ಹೊತ್ತು ಬೇಕಾಗುವುದರಿಂದ, ಆ ಕೂಗಿಗೆ ಬಹುಮಟ್ಟಿಗೆ ಚಳಿಗಿಂತ ಕತ್ತಲೆಯೇ ಕಾರಣವಾಗಿರಬೇಕು. ಹುಟ್ಟಿದಂದಿನಿಂದ ಹಗಲಿರುಳೂ ಬೆಳಕಿನಲ್ಲೇ ಬೆಳೆದ ಮರಿಗಳಿಗೆ ಕತ್ತಲೆ ಏನೆಂಬುದೇ ತಿಳಿದಿರುವುದಿಲ್ಲ. ಆದ್ದರಿಂದ ಅವುಗಳಿಗೆ ಬೆಳಕಿನ ಅಭ್ಯಾಸವನ್ನೂ ಕಾವಿನ ಅಭ್ಯಾಸವನ್ನೂ ಬೇರೆ ಬೇರೆಯಾಗಿ ಬಿಡಿಸಬೇಕು. ಎರಡನ್ನೂ ಒಂದೇ ರಾತ್ರಿ ಕಿತ್ತುಕೊಂಡರೆ ಮರಿಗಳು ಗುಂಪುಗೂಡಿ, ಅಡಿಯಲ್ಲಿ ಸಿಕ್ಕಿದವು ಉಸಿರುಗಟ್ಟಿ ಸಾಯುವ ಅಪಾಯವಿದೆ. ನೀವು ಮತ್ತೆ ದೀಪ ಹಚ್ಚಿದ್ದು ಸರಿಯಾಗಿಯೇ ಇದೆ.

ಮೊದಲ ವಾರದಲ್ಲಿ ಮರಿಯ ಬೆನ್ನಿನ ಮಟ್ಟದಲ್ಲಿ 32ರಿಂದ 35 ಡಿಗ್ರಿ ಕಾವು ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಈ ಲೆಕ್ಕದಲ್ಲಿ ಐದಾರು ವಾರಗಳ ಹೊತ್ತಿಗೆ 20 ಡಿಗ್ರಿಯ ಆಸುಪಾಸಿಗೆ ಬಂದು ತಲುಪುತ್ತೇವೆ. ಆದರೆ ವಾರಗಳನ್ನು ಎಣಿಸುವುದಕ್ಕಿಂತ ಮರಿಯನ್ನೇ ಕೈಗೆತ್ತಿಕೊಂಡು ನೋಡುವುದು ಹೆಚ್ಚು ನಂಬಲರ್ಹವೆಂಬುದು ನನ್ನ ಅಭಿಪ್ರಾಯ. ಹುಟ್ಟುವಾಗ ಇರುವ ಮೃದುವಾದ ತುಪ್ಪುಳವು ಮೈಕಾವನ್ನು ಹೆಚ್ಚು ಹೊತ್ತು ಹಿಡಿದಿಡಲಾರದು. ಆ ಕೆಲಸ ಗರಿಗಳದು. ರೆಕ್ಕೆ ಮತ್ತು ಬಾಲದ ಗರಿಗಳು ಬೇಗನೆ ಮೂಡುವುದರಿಂದ ದೂರದಿಂದ ನೋಡಿದವರಿಗೆ ಮರಿ ಪೂರ್ತಿ ಬಲಿತಂತೆ ಕಾಣುತ್ತದೆ. ಕತ್ತು, ಎದೆ, ಬೆನ್ನಿನ ಮೇಲಿನ ತುಪ್ಪುಳವನ್ನು ಬೆರಳಿನಿಂದ ಸರಿಸಿ ನೋಡಿ. ಅಲ್ಲಿಯೂ ಗರಿ ಒತ್ತಾಗಿ ಮುಚ್ಚಿದ್ದರೆ, ಗೂಡು ಒಣಗಿದ್ದು ಗಾಳಿಯ ಹೊಡೆತ ಇಲ್ಲದಿದ್ದರೆ, ಹನ್ನೆರಡು ಮರಿಗಳು ಒತ್ತೊತ್ತಾಗಿ ಕುಳಿತು 15 ಡಿಗ್ರಿಯ ರಾತ್ರಿಯನ್ನು ಕಳೆಯಬಲ್ಲವು. ಸಾಮಾನ್ಯವಾಗಿ ಆರನೆಯ ವಾರದ ಹೊತ್ತಿಗೆ ಈ ಹಂತ ಬರುತ್ತದೆ. ಸಿಲ್ಕಿಯಂಥ ತಳಿಗಳಿಗೆ ಮಾತ್ರ ಇನ್ನೂ ಕೆಲವು ದಿನ ಕೊಡಬೇಕು. ಅವುಗಳ ಪುಕ್ಕ ಕೊನೆಯವರೆಗೂ ತುಪ್ಪುಳದಂತೆಯೇ ಇರುವುದರಿಂದ ತೇವವನ್ನು ತಡೆಯುವುದಿಲ್ಲ.

ಈಗ ಬಿಡಿಸುವ ಕ್ರಮಕ್ಕೆ ಬರೋಣ. ಮೊದಲು ದೀಪವನ್ನು ಗೂಡಿನ ನಡುವಿನಿಂದ ಒಂದು ಬದಿಗೆ ಸರಿಸಿ, ಸ್ವಲ್ಪ ಎತ್ತರಕ್ಕೆ ಕಟ್ಟಿ. ಬೇಕೆನಿಸಿದ ಮರಿ ಹತ್ತಿರ ಬರಲಿ, ಬೇಡವಾದದ್ದು ದೂರ ಮಲಗಲಿ. ಗೂಡಿನ ಇನ್ನೊಂದು ಬದಿಯಲ್ಲಿ, ಕಾವು ಕೊಡದಂಥ ಮಂದ ಬೆಳಕಿನ ಸಣ್ಣ ಬಲ್ಬು ಹಾಕಿ. ಇದಾದ ಮೇಲೆ ಕಾವಿನ ದೀಪವನ್ನು ಸಂಜೆಯ ಹೊತ್ತಿನಲ್ಲಿ ಆರಿಸಿಟ್ಟು, ಚಳಿ ಹೆಚ್ಚುವ ನಡುರಾತ್ರಿಯಿಂದ ಬೆಳಗಿನವರೆಗೆ ಮಾತ್ರ ಉರಿಸಿ. ಕೆಲವು ರಾತ್ರಿ ಕಳೆದ ಮೇಲೆ ಅದನ್ನೂ ನಿಲ್ಲಿಸಿ. ಮಂದ ಬೆಳಕನ್ನು ಎಲ್ಲಕ್ಕಿಂತ ಕೊನೆಗೆ, ಹೊರಗೆ ಮುಸ್ಸಂಜೆ ಇರುವಾಗಲೇ ಆರಿಸಿ. ಆಗ ಕತ್ತಲೆ ತಾನಾಗಿಯೇ ನಿಧಾನವಾಗಿ ಕವಿಯುತ್ತದೆ, ಮರಿಗಳು ಅಷ್ಟರೊಳಗೆ ಮಲಗುವ ಜಾಗ ಹುಡುಕಿಕೊಂಡಿರುತ್ತವೆ. ಮೂಲೆಗಳಿಗೆ ರಟ್ಟನ್ನು ಬಾಗಿಸಿ ನಿಲ್ಲಿಸಿ ದುಂಡಗೆ ಮಾಡಿದರೆ ನುಗ್ಗಾಟದಲ್ಲಿ ಯಾವುದೂ ಸಿಕ್ಕಿಬೀಳುವುದಿಲ್ಲ. ಮಳೆಗಾಳಿಯ ಮುನ್ಸೂಚನೆಯಿದ್ದರೆ ಈ ಕೆಲಸವನ್ನು ಮುಂದಕ್ಕೆ ಹಾಕಿ.

ದೀಪ ಆರಿಸಿದ ರಾತ್ರಿ ಒಂದೆರಡು ಗಂಟೆ ಬಿಟ್ಟು ಸದ್ದಿಲ್ಲದೆ ಹೋಗಿ ನೋಡಿ. ಮೈಗೆ ಮೈ ತಾಗಿಸಿ ಸುಮ್ಮನೆ ಮಲಗಿದ್ದರೆ ಯೋಚನೆ ಬೇಡ. ಎತ್ತರದ ದನಿಯಲ್ಲಿ ಬಿಡದೆ ಚಿಂವ್‌ಗುಟ್ಟುತ್ತ ಒಂದರಡಿ ಒಂದು ನುಸುಳುತ್ತಿದ್ದರೆ ಅವುಗಳಿಗೆ ಚಳಿಯಾಗಿದೆ. ಹಾಗಿದ್ದರೆ ಕಾವು ಮತ್ತೆ ಕೊಡಿ, ಒಂದು ವಾರ ಬಿಟ್ಟು ಪುನಃ ಪ್ರಯತ್ನಿಸಿ. ಹಗಲಿನ ಬಿಸಿಲಿನಲ್ಲೂ ಒಂದೇ ಮರಿ ಗರಿ ಉಬ್ಬಿಸಿ ಮುದುಡಿ ಕುಳಿತಿದ್ದರೆ ಅದು ದೀಪದ ವಿಷಯವಲ್ಲ. ಹಿಕ್ಕೆಯಲ್ಲಿ ರಕ್ತವಿದೆಯೇ ಎಂದು ನೋಡಿ, ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಈ ವಯಸ್ಸಿನಲ್ಲಿ ರಕ್ತಭೇದಿಯ ಕಾಕ್ಸಿಡಿಯೋಸಿಸ್ ರೋಗ ಹೆಚ್ಚು.

ಚಳಿಗೆ ಹೆದರಿ ಗೂಡಿನ ಎಲ್ಲ ಕಿಂಡಿಗಳನ್ನೂ ಮುಚ್ಚುವವರಿದ್ದಾರೆ. ಇದರಿಂದ ಉಸಿರಿನ ತೇವ ಒಳಗೇ ನಿಂತು, ಹಾಸು ಒದ್ದೆಯಾಗಿ, ಹಿಕ್ಕೆಯ ಅಮೋನಿಯಾ ಕಣ್ಣು ಮೂಗುಗಳನ್ನು ಉರಿಸುತ್ತದೆ. ಮರಿಗಳ ಮೈಮಟ್ಟದಲ್ಲಿ ಗಾಳಿ ಬೀಸದಂತೆ ಮರೆ ಕಟ್ಟಿ, ಮೇಲ್ಗಡೆಯ ಕಿಂಡಿಗಳನ್ನು ತೆರೆದೇ ಇಡಿ.

ಅಗತ್ಯ ಮುಗಿದ ಮೇಲೂ ದೀಪ ಇರಲಿ ಎಂಬ ಯೋಚನೆ ಬೇಡ. ಕಾವಿಗೆ ಬಳಸುವ 250 ವಾಟಿನ ಬಲ್ಬು ಒಣ ಹಾಸಿನ ಮೇಲೆ ಕಳಚಿ ಬಿದ್ದರೆ ಗೂಡಿಗೆ ಬೆಂಕಿ ತಗಲುತ್ತದೆ, ಹೀಗೆ ಸುಟ್ಟುಹೋದ ಗೂಡುಗಳು ಕಡಿಮೆಯಿಲ್ಲ. ಹಾರಲು ಕಲಿಯುತ್ತಿರುವ ಮರಿಗಳು ದೀಪಕ್ಕೆ ಬಡಿಯುವ ವಯಸ್ಸೂ ಇದೇ. ಇರುವಷ್ಟು ದಿನ ಅದನ್ನು ಕ್ಲಿಪ್ಪಿನಿಂದ ಮಾತ್ರ ಸಿಕ್ಕಿಸದೆ ಸರಪಳಿಯಿಂದಲೂ ಬಿಗಿಯಿರಿ.

ಪ್ರಶ್ನೆ: ಎರಡು ವಾರದ ಮರಿಗಳಿರುವಾಗ ರಾತ್ರಿ ವಿದ್ಯುತ್ ಕೈಕೊಟ್ಟರೆ ಏನು ಮಾಡಬೇಕು?

ಉತ್ತರ: ಮರಿಗಳನ್ನು ಕಡಿಮೆ ಜಾಗವಿರುವ ರಟ್ಟಿನ ಪೆಟ್ಟಿಗೆಗೆ ವರ್ಗಾಯಿಸಿ ಮನೆಯೊಳಗೆ ತನ್ನಿ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಒಂದು ಬದಿಗೆ ಇಡಿ. ಸೆಕೆಯಾದ ಮರಿ ದೂರ ಸರಿಯಲು ಇನ್ನೊಂದು ಬದಿ ಖಾಲಿ ಇರಬೇಕು. ಪೆಟ್ಟಿಗೆಯ ಮೇಲೆ ತೆಳುವಾದ ಬಟ್ಟೆ ಹೊದಿಸಿ, ಉಸಿರಾಟಕ್ಕೆ ತೆರಪು ಬಿಡಿ, ನೀರು ತಣ್ಣಗಾದಂತೆ ಬದಲಿಸುತ್ತಿರಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವನ್ನು ಮಾತ್ರ ಎಂದಿಗೂ ಇಡಬೇಡಿ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಮರಿಗಳನ್ನಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು.