ಫೋಟೊ ಮೆಚ್ಚುವವರು ಒಬ್ಬರು, ಬಿಲ್ ಪಾಸ್ ಮಾಡುವವರು ಇನ್ನೊಬ್ಬರು

ಪ್ರಶ್ನೆ: ಸರ್, ಹತ್ತು ವರ್ಷದಿಂದ ತುಮಕೂರಿನಲ್ಲಿ ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊ ತೆಗೆಯುತ್ತಿದ್ದೇನೆ. ಸಣ್ಣ ಸ್ಟುಡಿಯೊ ಇದೆ. ಒಂದು ಮದುವೆಯಲ್ಲಿ ನನ್ನ ಕೆಲಸ ನೋಡಿದ ಒಬ್ಬರು ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಎಚ್‌ಆರ್. ವೆಬ್‌ಸೈಟಿಗೆ, ವಾರ್ಷಿಕ ವರದಿಗೆ 40 ಜನ ಸಿಬ್ಬಂದಿಯ ಫೋಟೊ, ಡೈರೆಕ್ಟರ್‌ಗಳದ್ದು, ಜೊತೆಗೆ ಮೆಷಿನ್‌ಗಳದ್ದು ಬೇಕಂತೆ. ಎರಡು ದಿನದ ಕೆಲಸ. ‘ಕೊಟೇಶನ್ ಕಳಿಸಿ’ ಅಂದಿದ್ದಾರೆ. ಮದುವೆಗೆ ದಿನಕ್ಕೆ 10,000 ರೂಪಾಯಿ ತಗೊಳ್ತೀನಿ. ಹಾಗಾಗಿ 20,000 ಅಂತ ಬರೆಯೋಣ ಅಂದುಕೊಂಡಿದ್ದೇನೆ. ಅಡ್ವಾನ್ಸ್ ಕೇಳಬಹುದಾ? ನನಗೆ ಜಿಎಸ್‌ಟಿ ನಂಬರ್ ಇಲ್ಲ, ಅದಿಲ್ಲದೆ ಕೆಲಸ ಸಿಗುತ್ತಾ? ಫೋಟೊಗಳ ಹಕ್ಕು ಯಾರದ್ದು?
— ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಆ 20,000 ಬರೆಯುವುದನ್ನು ನಿಲ್ಲಿಸಿ. ಉಳಿದದ್ದು ಆಮೇಲೆ ಮಾತಾಡೋಣ.

ಮದುವೆ ಮನೆಯ ಲೆಕ್ಕ ಸರಳ. ಫೋಟೊ ನೋಡಿ ಖುಷಿಪಡುವವರೂ ಹುಡುಗಿಯ ಅಪ್ಪ, ದುಡ್ಡು ಎಣಿಸುವವರೂ ಅವರೇ. ಬಾಕಿ ಇದ್ದರೆ ಆಲ್ಬಂ ನಿಮ್ಮ ಕಪಾಟಿನಲ್ಲಿರುತ್ತದೆ. ಬಾಕಿ ಕೊಟ್ಟು ಒಯ್ಯುತ್ತಾರೆ. ಕಂಪನಿಯಲ್ಲಿ ಹಾಗಲ್ಲ. ಕೆಲಸ ಹೇಳುವವರು ಎಚ್‌ಆರ್. ರೇಟ್ ಇಳಿಸುವವರು ಪರ್ಚೇಸ್‌ನವರು. ಬಿಲ್ ಪಾಸ್ ಮಾಡುವವರು ಅಕೌಂಟ್ಸ್‌ನವರು. ಈ ಕೊನೆಯವರು ನಿಮ್ಮ ಫೋಟೊ ನೋಡಿರುವುದೇ ಇಲ್ಲ. ಅವರು ನೋಡುವುದು ಕಾಗದ ಮಾತ್ರ.

ಇದನ್ನು ನಾನು ಕಲಿತಿದ್ದು ಪೆಟ್ಟು ತಿಂದು. ನನ್ನ ಮೊದಲ ಕಂಪನಿ ಕೆಲಸ ಪೀಣ್ಯದಲ್ಲಿ. ‘ನೀವು ಶುರು ಮಾಡಿ ಸಾರ್, ಪಿಒ ಆಮೇಲೆ ಬರುತ್ತೆ’ ಅಂದರು ಅಲ್ಲಿಯ ಮ್ಯಾನೇಜರ್. ಒಳ್ಳೆಯ ಮನುಷ್ಯ. (ಪಿಒ ಅಂದರೆ ಪರ್ಚೇಸ್ ಆರ್ಡರ್, ಇಂಥ ಕೆಲಸ ಇಷ್ಟು ರೇಟಿಗೆ ಅಂತ ಕಂಪನಿ ಬರೆದುಕೊಡುವ ಕಾಗದ.) ಎರಡು ದಿನ ಫೋಟೊ ತೆಗೆದೆ, ಎಡಿಟ್ ಮಾಡಿ ಕೊಟ್ಟೆ. ಮುಂದಿನ ತಿಂಗಳು ಆತ ಕೆಲಸ ಬಿಟ್ಟರು. ಅಕೌಂಟ್ಸ್‌ನಲ್ಲಿ ಕೇಳಿದರೆ ‘ಪಿಒ ನಂಬರ್ ಹೇಳಿ’ ಅಂದರು. ಇಲ್ಲ ಅಂದೆ. ‘ಹಾಗಾದ್ರೆ ಬಿಲ್ ಹೇಗೆ ತಗೊಳ್ಳೋದು?’ ದುಡ್ಡು ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ನನ್ನ ಫೋಟೊಗಳು ಅವರ ಗೋಡೆಯ ಮೇಲೆ ದೊಡ್ಡದಾಗಿ ನೇತಾಡುತ್ತಿದ್ದವು. ತಪ್ಪು ನನ್ನದೇ.

ಪಿಒ ಬರುವ ದಾರಿ ಹೀಗೆ. ನೀವು ಕೊಟೇಶನ್ ಕಳಿಸುತ್ತೀರಿ, ಅವರು ಒಪ್ಪಿದರೆ ನಿಮ್ಮನ್ನು ವೆಂಡರ್ ಅಂತ ದಾಖಲು ಮಾಡಿಕೊಳ್ಳುತ್ತಾರೆ. ಪ್ಯಾನ್ ಕಾರ್ಡ್ ಪ್ರತಿ, ಕ್ಯಾನ್ಸಲ್ ಮಾಡಿದ ಚೆಕ್, ವಿಳಾಸದ ದಾಖಲೆ ಕೇಳುತ್ತಾರೆ. ಆಮೇಲೆ ಪಿಒ ಬರುತ್ತದೆ. ಅದು ಮೇಲ್‌ಗೆ ಬಂದ ಮೇಲೆ ಬ್ಯಾಗ್ ತುಂಬಿ. ಎಚ್‌ಆರ್ ಬೇಸರ ಮಾಡಿಕೊಳ್ಳುತ್ತಾರೆ ಅನ್ನುವ ಭಯ ಬೇಡ. ಪಿಒ ಕೇಳುವವರನ್ನು ಕಂಪನಿಯವರು ಅನುಭವಸ್ಥರು ಅಂದುಕೊಳ್ಳುತ್ತಾರೆ.

ಈಗ ರೇಟಿಗೆ ಬರೋಣ. ‘ಎರಡು ದಿನದ ಕೆಲಸ’ ಅನ್ನುವುದು ಅವರ ಲೆಕ್ಕ. ನಿಮ್ಮ ಲೆಕ್ಕ ಬೇರೆ. ಮೊದಲೇ ಹೋಗಿ ಜಾಗ, ಬೆಳಕು ನೋಡಿ ಬರಲು ಅರ್ಧ ದಿನ. ಫೋನ್, ಮೇಲ್, ವೆಂಡರ್ ಫಾರಂಗೆ ಒಂದು ದಿನವಾದರೂ ಹೋಗುತ್ತದೆ. ಶೂಟ್ ಎರಡು ದಿನ. 40 ಮುಖಗಳ ಆಯ್ಕೆ, ರೀಟಚ್, ಮೆಷಿನ್ ಫೋಟೊಗಳ ಎಡಿಟ್‌ಗೆ ನಾಲ್ಕು ದಿನ. ತಿದ್ದಿ ಕಳಿಸಿದ್ದನ್ನು ಮತ್ತೆ ತಿದ್ದಲು ಅರ್ಧ ದಿನ. ಒಟ್ಟು ಎಂಟು ದಿನ.

ಮನೆ ಖರ್ಚು, ಸ್ಟುಡಿಯೊ ಬಾಡಿಗೆ, ಕ್ಯಾಮೆರಾ ಕಂತು ಸೇರಿ ನಿಮಗೆ ತಿಂಗಳಿಗೆ 60,000 ಬೇಕು ಅಂತ ಇಟ್ಟುಕೊಳ್ಳಿ. ತಿಂಗಳಲ್ಲಿ ದುಡ್ಡು ಹುಟ್ಟುವ ದಿನಗಳು ಸುಮಾರು 15. ಆಷಾಢದಲ್ಲಿ ಅದೂ ಇಲ್ಲ, ನಿಮಗೇ ಗೊತ್ತು. ಹಾಗಾದರೆ ನಿಮ್ಮ ಒಂದು ದಿನದ ಬೆಲೆ 4,000. ಎಂಟು ದಿನಕ್ಕೆ 32,000. ಅಸಿಸ್ಟೆಂಟ್‌ಗೆ ಎರಡು ದಿನಕ್ಕೆ 3,000, ಲೈಟ್ ಮತ್ತು ಬ್ಯಾಕ್‌ಡ್ರಾಪ್ ಬಾಡಿಗೆ 5,000, ಗಾಡಿ, ಊಟಕ್ಕೆ 2,000. ಅಲ್ಲಿಗೆ 42,000. ಇದರ ಮೇಲೆ ಶೇಕಡಾ 20 ಲಾಭ ಇಟ್ಟುಕೊಂಡರೆ 50,400. ಈ ಅಂಕಿಗಳೆಲ್ಲ ಉದಾಹರಣೆಗೆ, ನಿಮ್ಮ ಖರ್ಚು ಹಾಕಿ ನೀವೇ ಲೆಕ್ಕ ಮಾಡಿ. ಆದರೆ ಈ ಲೆಕ್ಕದಲ್ಲಿ 20,000ಕ್ಕೆ ಒಪ್ಪಿಕೊಂಡರೆ ನಿಮ್ಮ ಎಂಟು ದಿನಕ್ಕೆ ಉಳಿಯುವುದು 10,000. ನಿಮ್ಮ ಅಸಿಸ್ಟೆಂಟ್‌ಗೆ ದಿನಕ್ಕೆ ಸಿಗುವುದು ನಿಮಗಿಂತ ಜಾಸ್ತಿ.

ಪರ್ಚೇಸ್‌ನವರು ಚೌಕಾಸಿ ಮಾಡಿಯೇ ಮಾಡುತ್ತಾರೆ. ಅದು ಅವರ ಕೆಲಸ. ಆಗ ರೇಟ್ ಇಳಿಸಬೇಡಿ, ಕೆಲಸ ಇಳಿಸಿ. ‘40ರ ಬದಲು 25 ಜನ ಸಾಕಾ ಸರ್?’ ಅಂತ ಕೇಳಿ. ಸುಮ್ನೆ ಹತ್ತು ಸಾವಿರ ಬಿಟ್ಟುಬಿಟ್ಟರೆ, ಮೊದಲು ಹೇಳಿದ ರೇಟ್ ಸುಳ್ಳು ಅಂತ ನೀವೇ ಒಪ್ಪಿಕೊಂಡ ಹಾಗೆ ಆಗುತ್ತದೆ.

ಕೊಟೇಶನ್‌ನಲ್ಲಿ ‘ಫೋಟೊಗ್ರಫಿ ಚಾರ್ಜ್’ ಅಂತ ಒಂದೇ ಸಾಲು ಬರೆದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಎಷ್ಟು ಜನ, ಒಬ್ಬೊಬ್ಬರದು ಎಷ್ಟು ರೀಟಚ್ ಮಾಡಿದ ಫೋಟೊ, ಮೆಷಿನ್‌ಗಳದ್ದು ಎಷ್ಟು, ದಿನಕ್ಕೆ ಎಷ್ಟು ಗಂಟೆ, ಫೈಲ್ ಯಾವಾಗ ಕೊಡುತ್ತೀರಿ, ತಿದ್ದುಪಡಿ ಎಷ್ಟು ಸಲ, ಎಲ್ಲ ಬರೆಯಿರಿ. 40 ಜನ ಅಂದ ಕಡೆ ಮೊದಲ ದಿನ 33 ಜನ ಬರುತ್ತಾರೆ. ಒಬ್ಬರು ರಜೆ, ಒಬ್ಬರು ನೈಟ್ ಶಿಫ್ಟ್, ಇನ್ನೊಬ್ಬರಿಗೆ ಇವತ್ತು ಶೇವ್ ಆಗಿಲ್ಲ. ಉಳಿದವರಿಗಾಗಿ ಮತ್ತೆ ಬರಬೇಕಾದರೆ ಅದಕ್ಕೆ ಬೇರೆ ಚಾರ್ಜ್ ಅಂತ ಮೊದಲೇ ಇರಲಿ. ‘ಹೇಗೂ ಬಂದಿದ್ದೀರಲ್ಲ, ಒಂದು ಸಣ್ಣ ವಿಡಿಯೊನೂ ಮಾಡ್ಬಿಡಿ’ ಅನ್ನುವ ಮಾತು ಬಂದೇ ಬರುತ್ತದೆ. ಆಯುಧಪೂಜೆ ಹತ್ತಿರವಿದ್ದರೆ ‘ಅವತ್ತೂ ಸ್ವಲ್ಪ ಬಂದು ಹೋಗಿ’ ಅಂತಲೂ ಕೇಳುತ್ತಾರೆ. ನಗುತ್ತಲೇ ‘ಆಗಲಿ ಸರ್, ಅದಕ್ಕೊಂದು ಕೊಟೇಶನ್ ಕಳಿಸ್ತೀನಿ’ ಅನ್ನಿ.

ಅಡ್ವಾನ್ಸ್ ಖಂಡಿತ ಕೇಳಿ, ಶೇಕಡಾ 50. ಕೊಡುವ ಪದ್ಧತಿಯೇ ಇಲ್ಲ ಅಂತ ಕೆಲವು ಕಂಪನಿಗಳು ಹೇಳುತ್ತವೆ. ಆಗ ಎರಡು ಬಿಲ್ ಮಾಡಿ: ಶೂಟ್ ಮುಗಿದ ದಿನ ಒಂದು, ಫೈಲ್ ಕೊಟ್ಟ ದಿನ ಇನ್ನೊಂದು. ಆಯ್ಕೆಗೆ ವಾಟರ್‌ಮಾರ್ಕ್ ಇರುವ ಸಣ್ಣ ಫೈಲ್ ಮಾತ್ರ ಕಳಿಸಿ. ಕಂಪನಿ ಕೆಲಸದಲ್ಲಿ ಆಲ್ಬಂ ಇಲ್ಲ. ಪೂರ್ತಿ ಫೈಲ್ ಹೋದ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಜಿಎಸ್‌ಟಿ ವಿಷಯ. ಕರ್ನಾಟಕದಲ್ಲಿ ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಲಾಭ ಅಲ್ಲ, ಒಟ್ಟು ವಹಿವಾಟು. ಗೂಗಲ್ ಪೇ, ಫೋನ್‌ಪೇನಲ್ಲಿ ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಬಂದು ಗಲಾಟೆ ಆಗಿದ್ದು ನೆನಪಿರಬಹುದು. ನೀವು ಮಿತಿಯೊಳಗಿದ್ದರೆ ನಂಬರ್ ಇಲ್ಲದೆಯೂ ಕೆಲಸ ಮಾಡಬಹುದು. ‘ನಾನು ಜಿಎಸ್‌ಟಿ ನೋಂದಣಿಗೆ ಬರುವುದಿಲ್ಲ’ ಅಂತ ಒಂದು ಪತ್ರ ಬರೆದುಕೊಡಿ. ಬಿಲ್‌ನಲ್ಲಿ ತೆರಿಗೆ ಹಾಕಬೇಡಿ, ನಂಬರ್ ಇಲ್ಲದೆ ಜಿಎಸ್‌ಟಿ ವಸೂಲಿ ಮಾಡುವುದು ತಪ್ಪು. ಕಂಪನಿ ಕೆಲಸದ ಆಸೆಗೆ ತರಾತುರಿಯಲ್ಲಿ ನಂಬರ್ ಮಾಡಿಸಲು ಹೋಗಬೇಡಿ. ಮಾಡಿಸಿದರೆ ನಿಮ್ಮ ಮದುವೆ ಬಿಲ್‌ಗಳಿಗೂ ಶೇಕಡಾ 18 ಸೇರಿಸಬೇಕು. ಕಂಪನಿ ಆ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಹೊಂದಿಸಿಕೊಳ್ಳುತ್ತದೆ, ಹುಡುಗಿಯ ಅಪ್ಪ ಎಲ್ಲಿ ಹೊಂದಿಸಿಕೊಳ್ಳುತ್ತಾರೆ? ಇಂಥ ಕೆಲಸ ವರ್ಷಕ್ಕೆ ಐದಾರು ಬರತೊಡಗಿದ ಮೇಲೆ ಆಡಿಟರ್ ಹತ್ತಿರ ಕೂತು ಯೋಚಿಸಿ.

ಖಾತೆಗೆ ಬಿಲ್‌ಗಿಂತ ಕಡಿಮೆ ದುಡ್ಡು ಬಂದರೆ ಗಾಬರಿ ಆಗಬೇಡಿ. ಅದು ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಕೆಲವು ಕಂಪನಿಗಳು ನಿಮ್ಮ ಕೆಲಸವನ್ನು ವೃತ್ತಿಪರ ಸೇವೆ ಅಂತ ನೋಡಿ ಶೇಕಡಾ 10 ಹಿಡಿಯುತ್ತವೆ. ಕೆಲವು ಗುತ್ತಿಗೆ ಅಂತ ನೋಡಿ ಶೇಕಡಾ 1 ಹಿಡಿಯುತ್ತವೆ. ಪ್ಯಾನ್ ಕೊಡದಿದ್ದರೆ 20. ಹಿಡಿದ ದುಡ್ಡು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗಿರುತ್ತದೆ. ರಿಟರ್ನ್ ಹಾಕಿದಾಗ ನಿಮ್ಮ ತೆರಿಗೆಗೆ ವಜಾ ಆಗುತ್ತದೆ, ಜಾಸ್ತಿ ಆಗಿದ್ದರೆ ವಾಪಸ್ ಬರುತ್ತದೆ. ರಿಟರ್ನ್ ಹಾಕದೆ ಆ ದುಡ್ಡನ್ನು ಹಾಗೇ ಬಿಟ್ಟ ಫೋಟೊಗ್ರಾಫರ್‌ಗಳನ್ನು ನಾನು ನೋಡಿದ್ದೇನೆ.

ಇನ್ನೊಂದು ಕೆಲಸ ಈ ವಾರವೇ ಮಾಡಿ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು. ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಇದ್ದರೆ ಆಗುತ್ತದೆ. ಶುಲ್ಕ ಇಲ್ಲ, ಏಜೆಂಟರಿಗೆ ದುಡ್ಡು ಕೊಡಬೇಡಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ನಿಮ್ಮಂಥ ಸಣ್ಣ ಉದ್ಯಮಕ್ಕೆ ಖರೀದಿದಾರರು ಒಪ್ಪಿದ ಗಡುವಿನೊಳಗೆ ದುಡ್ಡು ಕೊಡಬೇಕು. ಆ ಗಡುವು 45 ದಿನ ದಾಟುವ ಹಾಗಿಲ್ಲ. ಗಡುವನ್ನೇ ಬರೆದುಕೊಳ್ಳದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದಕ್ಕಿಂತ ದೊಡ್ಡ ಬಿಸಿ ಇನ್ನೊಂದಿದೆ. 2023ರ ಬಜೆಟ್‌ನಲ್ಲಿ ತಂದ ಬದಲಾವಣೆಯಿಂದ, ಗಡುವು ಮೀರಿಸಿದ ಕಂಪನಿ ಆ ಖರ್ಚನ್ನು ದುಡ್ಡು ಕೊಟ್ಟ ವರ್ಷದಲ್ಲಷ್ಟೇ ತೆರಿಗೆ ಲೆಕ್ಕದಲ್ಲಿ ತೋರಿಸಬಹುದು. ಮಾರ್ಚ್ ಬಂತೆಂದರೆ ಅಕೌಂಟ್ಸ್‌ನವರು ಉದ್ಯಮ್ ನಂಬರ್ ಇರುವ ಬಿಲ್‌ಗಳನ್ನು ಹುಡುಕಿ ಹುಡುಕಿ ಪಾಸ್ ಮಾಡುವುದು ಇದಕ್ಕೇ. ಬಿಲ್‌ನಲ್ಲಿ ಆ ನಂಬರ್ ಅಚ್ಚು ಹಾಕಿಸಿ, ಸಾಕು. ಮೊದಲ ಗಿರಾಕಿಗೆ ಬಡ್ಡಿಯ ಮಾತು ಹೇಳಬೇಡಿ.

ಹಕ್ಕಿನ ಪ್ರಶ್ನೆಯಲ್ಲಿ ಬಹಳ ಜನ ಎಡವುತ್ತಾರೆ. ಯೂಟ್ಯೂಬ್‌ನಲ್ಲಿ ಅಮೆರಿಕದವರು ‘ಕ್ಲಿಕ್ ಮಾಡಿದವರದ್ದೇ ಹಕ್ಕು’ ಅನ್ನುತ್ತಾರೆ. ನಮ್ಮಲ್ಲಿ ಹಾಗಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಮಾಲೀಕರು ತೆಗೆಸಿದವರು. ಬೇರೆ ರೀತಿ ಒಪ್ಪಂದ ಆಗಿದ್ದರೆ ಮಾತ್ರ ಬೇರೆ. ಅಂದರೆ ನೀವು ಬಾಯಿ ಮುಚ್ಚಿಕೊಂಡಿದ್ದರೆ ಹಕ್ಕು ಕಂಪನಿಯದ್ದು.

ಹಾಗಂತ ಎಲ್ಲದಕ್ಕೂ ಜಗಳ ಬೇಡ. ಸಿಬ್ಬಂದಿಯ ಮುಖದ ಫೋಟೊ ಇಟ್ಟುಕೊಂಡು ನೀವೇನು ಮಾಡುತ್ತೀರಿ? ಅವು ಅವರಿಗೇ ಇರಲಿ. ಮೆಷಿನ್ ಮತ್ತು ಶಾಪ್ ಫ್ಲೋರ್ ಫೋಟೊಗಳಿಗೆ ಮಾತ್ರ ಕೊಟೇಶನ್‌ನಲ್ಲಿ ಎರಡು ಸಾಲು ಸೇರಿಸಿ: ಹಕ್ಕು ಫೋಟೊಗ್ರಾಫರದ್ದು, ವೆಬ್‌ಸೈಟ್, ವಾರ್ಷಿಕ ವರದಿ, ಬ್ರೋಷರ್‌ಗೆ ಕಂಪನಿ ಬಳಸಬಹುದು, ಹೋರ್ಡಿಂಗ್ ಮತ್ತು ಪತ್ರಿಕೆ ಜಾಹೀರಾತಿಗೆ ಬೇರೆ ಚಾರ್ಜ್. ನಿಮ್ಮ ಸ್ಯಾಂಪಲ್‌ಗಳಲ್ಲಿ ತೋರಿಸಲು ಅನುಮತಿಯನ್ನೂ ಬರೆದು ಕೇಳಿ. ಅದು ಕೈಗೆ ಬರುವ ತನಕ ಇನ್‌ಸ್ಟಾಗ್ರಾಂಗೆ ಏನೂ ಹಾಕಬೇಡಿ. ಹಿಂದೆ ಕಾಣುವ ಒಂದು ಬಿಡಿಭಾಗ ಇನ್ನೂ ಮಾರುಕಟ್ಟೆಗೆ ಬರದ ಮಾಲಾಗಿರಬಹುದು.

ಗೇಟಿನ ವಿಷಯ ಚಿಕ್ಕದು, ಆದರೆ ಮರೆತರೆ ಒಂದು ಗಂಟೆ ಹೋಗುತ್ತದೆ. ಕ್ಯಾಮೆರಾ, ಲೆನ್ಸ್, ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್ ಪಟ್ಟಿ ಎರಡು ಪ್ರತಿ ಒಯ್ಯಿರಿ. ಸೆಕ್ಯೂರಿಟಿ ಸೀಲ್ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಸಂಜೆ ನಿಮ್ಮದೇ ಲೆನ್ಸ್ ಹೊರಗೆ ತರಲು ಎಚ್‌ಆರ್‌ಗೆ ಫೋನ್ ಮಾಡಬೇಕಾಗುತ್ತದೆ. ಸೇಫ್ಟಿ ಶೂ ನಿಮ್ಮದೇ ಇದ್ದರೆ ಒಳ್ಳೆಯದು. ಅಲ್ಲಿ ಕೊಡುವುದು ಕಾಲಿಗೆ ಸರಿಹೋಗುವುದು ಅಪರೂಪ.

ಪ್ರಶ್ನೆ: ಒಂದು ಈವೆಂಟ್ ಏಜೆನ್ಸಿ ಮೂಲಕ ಕಂಪನಿಯ ವಾರ್ಷಿಕೋತ್ಸವದ ಫೋಟೊ ತೆಗೆದೆ. ಐದು ತಿಂಗಳಾಯಿತು. ‘ಕಂಪನಿಯವರು ನಮಗೇ ಕೊಟ್ಟಿಲ್ಲ’ ಅನ್ನುತ್ತಿದ್ದಾರೆ ಏಜೆನ್ಸಿಯವರು. ಏನು ಮಾಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮಗೆ ಕೆಲಸ ಕೊಟ್ಟವರು ಏಜೆನ್ಸಿ. ಕಂಪನಿ ಅವರ ಗಿರಾಕಿ, ನಿಮ್ಮದಲ್ಲ. ‘ಅವರು ಕೊಟ್ಟ ಮೇಲೆ ತಗೊಳ್ತೀನಿ’ ಅಂತ ನೀವು ಒಪ್ಪಿಕೊಂಡಿರದಿದ್ದರೆ ಆ ಮಾತು ಲೆಕ್ಕಕ್ಕಿಲ್ಲ. ಫೋನ್ ಮಾಡುವುದನ್ನು ನಿಲ್ಲಿಸಿ. ಬಿಲ್ ಪ್ರತಿ, ಫೈಲ್ ಕಳಿಸಿದ ದಿನ, ವಾಟ್ಸ್‌ಆ್ಯಪ್‌ನಲ್ಲಿ ಕೆಲಸ ಹೇಳಿದ ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ ಒಂದು ಮೇಲ್ ಕಳಿಸಿ, ದಿನಾಂಕ ಹಾಕಿ ಗಡುವು ಕೊಡಿ. ಕೆಲಸಕ್ಕೆ ಮುಂಚೆಯೇ ಉದ್ಯಮ್ ನೋಂದಣಿ ಇದ್ದರೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಅದು ಇಂಥ ಬಾಕಿ ಜಗಳ ಬಗೆಹರಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಇಲ್ಲದಿದ್ದರೆ ವಕೀಲರ ನೋಟಿಸ್. ಇಂಥ ಬಾಕಿಗೆ ದಾವೆ ಹಾಕಲು ಮೂರು ವರ್ಷ ಕಾಲಾವಕಾಶ ಇದೆ. ನನಗೆ ಕಂಡ ಹಾಗೆ ನೋಟಿಸ್‌ಗಿಂತ ಮೊದಲೇ, ಆ ಮೇಲ್‌ಗೇ ಅರ್ಧ ದುಡ್ಡು ಬರುವುದುಂಟು.

ಪ್ರಶ್ನೆ: ಕಂಪನಿಯವರು ರಾ ಫೈಲ್‌ಗಳನ್ನೂ (ಕ್ಯಾಮೆರಾದಿಂದ ಬಂದ, ಎಡಿಟ್ ಮಾಡದ ಮೂಲ ಫೈಲ್) ಕೊಡಿ ಅಂತಿದ್ದಾರೆ. ಕೊಡಬೇಕಾ?
— ಓದುಗರು, ಮೈಸೂರು

ಉತ್ತರ: ಕೊಟೇಶನ್‌ನಲ್ಲಿ ಎಡಿಟ್ ಮಾಡಿದ ಫೋಟೊ ಅಂತಷ್ಟೇ ಇದ್ದರೆ ಕೊಡಬೇಕಿಲ್ಲ. ದೋಸೆ ತಿಂದವರು ಹಿಟ್ಟಿನ ಪಾತ್ರೆಯನ್ನೂ ಕೇಳುವುದಿಲ್ಲ ಅಲ್ವಾ. ಅವರಲ್ಲೇ ಡಿಸೈನರ್ ಇದ್ದು, ನಿಜವಾಗಿ ಬೇಕಿದ್ದರೆ ಅದಕ್ಕೊಂದು ರೇಟ್ ಹೇಳಿ ಕೊಡಿ. ಆದರೆ ಜಗಳಕ್ಕೆ ಮುಂಚೆ, ಅವರಿಗೆ ಬೇಕಾಗಿರುವುದು ಏನು ಅಂತ ಕೇಳಿ. ಎಷ್ಟೋ ಸಲ ‘ರಾ’ ಅಂದರೆ ಅವರ ಭಾಷೆಯಲ್ಲಿ ವಾಟರ್‌ಮಾರ್ಕ್ ಇಲ್ಲದ ದೊಡ್ಡ ಜೆಪಿಜಿ. ನಾನೊಮ್ಮೆ ಎರಡು ದಿನ ವಾದ ಮಾಡಿ, ಕೊನೆಗೆ ಸೋತು ಪೂರ್ತಿ ರಾ ಫೈಲ್‌ಗಳ ಹಾರ್ಡ್‌ಡಿಸ್ಕ್ ಕಳಿಸಿದೆ. ಮಾರನೇ ದಿನ ಫೋನ್ ಬಂತು: ‘ಸಾರ್, ಇದು ನಮ್ಮ ಕಂಪ್ಯೂಟರಲ್ಲಿ ಓಪನ್ನೇ ಆಗ್ತಿಲ್ಲ.’